ಚಾಪೆ ಎತ್ತಿದವಳು

ಮೊದಲು ನಕ್ಕವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಊರಿನವರನ್ನು ಬೈಯುವಾಗ ನನ್ನ ನಾಲಿಗೆಯೇ ತಡವರಿಸುತ್ತದೆ.

ನನ್ನ ತಮ್ಮ ಸೆಫೋ ಹನ್ನೆರಡು ವರ್ಷ ಆಕ್ಲೆಂಡಿನ ಮಾಂಸದ ಕಾರ್ಖಾನೆಯಲ್ಲಿ ದುಡಿದ. ಹೆಂಡತಿಯನ್ನು ಅಲ್ಲೇ ಮಣ್ಣು ಮಾಡಿ, ಹತ್ತು ವರ್ಷದ ಮಗಳ ಕೈ ಹಿಡಿದುಕೊಂಡು ಊರಿಗೆ ಮರಳಿದ. ನಮ್ಮೂರಿರುವುದು ಸಮೋವಾದ ಉಪೊಲು ದ್ವೀಪದ ದಕ್ಷಿಣ ದಂಡೆಯಲ್ಲಿ. ಅಪಿಯಾ ಪೇಟೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಅಪ್ಪ ಹೋದ ಮೇಲೆ ನಮ್ಮ ಮನೆತನದ ಪಟ್ಟ ಖಾಲಿಯಿತ್ತು, ಅದನ್ನು ಸೆಫೋಗೆ ಕಟ್ಟಿದರು. ಚಿಕ್ಕ ಪಟ್ಟ. ಊರ ಮುಖ್ಯಸ್ಥರ ಕೂಟದಲ್ಲಿ ಅವನು ಕೂರುವುದು ಕೊನೆಯ ಕಂಬದ ಹತ್ತಿರ. ನಾನು ಅವನ ಅಕ್ಕ ರೂತಾ. ಗಂಡ ತೀರಿಹೋದ ಮೇಲೆ ತವರಿಗೇ ಬಂದು ಚಾಪೆ ನೇಯುತ್ತಾ ಕಾಲ ಹಾಕುತ್ತಿದ್ದವಳು.

ಮಗುವಿನ ಹೆಸರು ಮಸೀನಾ. ಅವಳನ್ನು ಆಕ್ಲೆಂಡಿನಲ್ಲಿ ಸಾಕಿದ್ದು ತಾಯಿಯ ಕಡೆಯ ಅಜ್ಜಿ, ಪಾದ್ರಿಯೊಬ್ಬರ ವಿಧವೆ. ಆ ಮುದುಕಿಯ ಮನೆಗೆ ಬರುತ್ತಿದ್ದವರೆಲ್ಲ ಪಟ್ಟದವರು, ಇಲ್ಲವೇ ಪಾದ್ರಿಗಳು. ಆಟಕ್ಕೆ ಬರುತ್ತಿದ್ದ ಅಕ್ಕಪಕ್ಕದ ಮಕ್ಕಳು ಇಂಗ್ಲಿಷಿನವರು. ಹಾಗಾಗಿ ಮಗುವಿನ ಕಿವಿಗೆ ಬಿದ್ದ ನಮ್ಮ ಭಾಷೆಯೆಲ್ಲ ದೊಡ್ಡವರನ್ನು ಉಪಚರಿಸುವ ಭಾಷೆ. ನಮ್ಮಲ್ಲಿ ದೊಡ್ಡವರಿಗೆ ಒಂದು ಮಾತು, ನಮಗೆ ಒಂದು ಮಾತು. ದೊಡ್ಡವರು ದಯಮಾಡಿಸುತ್ತಾರೆ, ನಾವು ಬರುತ್ತೇವೆ. ದೊಡ್ಡವರು ಆರೋಗಣೆ ಮಾಡುತ್ತಾರೆ, ನಾವು ಉಣ್ಣುತ್ತೇವೆ. ಪಾಪ, ಆ ಕೂಸಿಗೆ ಅರ್ಧ ಭಾಷೆ ಮಾತ್ರ ಗೊತ್ತಿತ್ತು, ಅದೂ ಮೇಲಿನರ್ಧ.

ಬಂದ ದಿನ ಕಾರಿನಿಂದಿಳಿದು, ಕೈ ಕಟ್ಟಿ, ತಲೆ ಬಗ್ಗಿಸಿ ನನ್ನೆದುರು ನಿಂತಳು.

“ಅತ್ತೆಯವರೇ, ನಾನು ದಯಮಾಡಿಸಿದ್ದೇನೆ,” ಅಂದಳು.

“ಊಟ ಮಾಡ್ತೀಯೇನವ್ವಾ?” ಅಂತ ಕೇಳಿದೆ.

“ಬೇಡ. ವಿಮಾನದಲ್ಲೇ ನನ್ನ ಆರೋಗಣೆ ಆಯಿತು.”

ನಾನು ಕಂಬ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಮಗು ತಾನೇನೋ ಚೆಂದದ್ದು ಹೇಳಿದೆನೆಂದು ತಿಳಿದು ತಾನೂ ನಕ್ಕಿತು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. ಮರುದಿನ ಹೆಂಗಸರೆಲ್ಲ ಕೂತು ಚಾಪೆ ನೇಯುವ ಮನೆಯಲ್ಲಿ ಅದನ್ನೇ ದನಿ ತೆಗೆದು, ತಲೆ ಬಗ್ಗಿಸಿ ಅಭಿನಯಿಸಿ ತೋರಿಸಿದೆ. ಇಪ್ಪತ್ತು ಹೆಂಗಸರು ಹೊಟ್ಟೆ ಹಿಡಿದುಕೊಂಡರು. ಅವರಲ್ಲಿ ಎಸೆಟಾಳ ತಾಯಿಯೂ ಇದ್ದಳು. ಎಸೆಟಾ ಅಂದರೆ ನಮ್ಮೂರಿನ ಅತಿ ದೊಡ್ಡ ಪಟ್ಟದ ಮುದುಕ ವೈಸೀನಾರ ಮೊಮ್ಮಗಳು. ಹದಿಮೂರು ವರ್ಷ, ಎತ್ತರದ ಹುಡುಗಿ, ಶಾಲೆಯ ಹಾಡಿಗೂ ಆಟಕ್ಕೂ ಅವಳೇ ಮುಂದು.

ಸೋಮವಾರ ಮಸೀನಾ ಊರ ಶಾಲೆಗೆ ಹೋಗುವ ಹೊತ್ತಿಗೆ ಅವಳಿಗಾಗಿ ಒಂದು ಹೆಸರು ಕಾದು ಕೂತಿತ್ತು.

“ಸನ್ನಿಧಾನ ಬಂತು! ದಾರಿ ಬಿಡ್ರೋ, ಸನ್ನಿಧಾನ ದಯಮಾಡಿಸ್ತಾ ಇದೆ!”

ಮೊದಲು ಬರೀ ನಗೆ. ಅವಳು ಬರುವ ದಾರಿಯ ಎರಡೂ ಬದಿ ಮಕ್ಕಳು ಕೂತು ನೆಲಕ್ಕೆ ಹಣೆ ಹಚ್ಚುತ್ತಿದ್ದರು. ಒಬ್ಬ ಬಾಳೆಲೆಯನ್ನು ಕೊಡೆಯ ಹಾಗೆ ಹಿಡಿದು ಹಿಂದೆ ನಡೆಯುತ್ತಿದ್ದ. ನಾನು ಮನೆಯಲ್ಲಿ ತಿದ್ದಿದೆ. “ನಾನು ಬಂದೆ ಅನ್ನು, ಉಂಡೆ ಅನ್ನು, ಕೂತೆ ಅನ್ನು.” ಮನೆಯಲ್ಲಿ ಎರಡೇ ವಾರಕ್ಕೆ ಕಲಿತಳು. ಆದರೆ ಹೆದರಿಕೆಯಾದಾಗ ಅವಳ ಬಾಯಲ್ಲಿ ಅಜ್ಜಿಯ ಮಾತೇ ಬರುತ್ತಿತ್ತು. ಶಾಲೆಯಲ್ಲಿ ಹೆದರಿಕೆ ಇಲ್ಲದ ಹೊತ್ತೇ ಇರಲಿಲ್ಲ.

ಆಮೇಲೆ ಆರೋಗಣೆ ಶುರುವಾಯಿತು. ಮಧ್ಯಾಹ್ನ ಹುಡುಗಿಯರು ಅವಳ ಸುತ್ತ ಕೂತು, ಎಲೆಯ ಮೇಲೆ ಸುಣ್ಣದ ಕಡ್ಡಿ, ಸೋಪಿನ ಚೂರು, ಸತ್ತ ಹಲ್ಲಿ ಬಡಿಸಿ, “ಆರೋಗಣೆ ಮಾಡ್ಬೇಕು” ಎಂದು ಕೈ ಮುಗಿಯುತ್ತಿದ್ದರು. ಇಬ್ಬರು ತೋಳು ಹಿಡಿಯುತ್ತಿದ್ದರು, ಎಸೆಟಾ ಅವಳ ಮೂಗು ಹಿಸುಕಿ ಬಾಯಿ ತೆರೆಸುತ್ತಿದ್ದಳು. ಇದು ನನಗೆ ಗೊತ್ತಾದದ್ದು ಮಗು ಹೇಳಿದ್ದರಿಂದಲ್ಲ, ವಾಂತಿಯಲ್ಲಿ ನೊರೆ ಕಂಡದ್ದರಿಂದ. ಉಳಿದದ್ದನ್ನು ಪಕ್ಕದ ಮನೆಯ ಮಕ್ಕಳು ಪಿಸುಗುಟ್ಟಿದರು.

ಹೆಡ್‌ಮಾಸ್ಟರ ಹತ್ತಿರ ಹೋದೆ. ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕರು.

“ಮಕ್ಕಳಾಟ ರೂತಮ್ಮ. ನೀವೇ ಅಲ್ವಾ ಮೊದ್ಲು ಊರಿಗೆಲ್ಲ ಹೇಳ್ಕೊಂಡು ನಕ್ಕಿದ್ದು? ಅವಳು ಭಾಷೆ ಕಲೀಲಿ, ಎಲ್ಲ ತಾನೇ ತಣ್ಣಗಾಗುತ್ತೆ.”

“ಸೋಪು ತಿನ್ಸೋದು ಆಟಾನಾ ಮೇಷ್ಟ್ರೇ?”

“ಯಾರು ತಿನ್ಸಿದ್ದು ಅಂತ ಹುಡುಗಿ ಬಾಯಿ ಬಿಡ್ಬೇಕಲ್ಲ.”

ಅವಳು ಬಾಯಿ ಬಿಡಲಿಲ್ಲ. ಎಸೆಟಾಳ ಹೆಸರು ಹೇಳಿದರೆ ಯಾರ ಮೊಮ್ಮಗಳ ಹೆಸರು ಹೇಳಿದಂತಾಗುತ್ತದೆ ಎಂಬುದು ಹತ್ತು ವರ್ಷದವಳಿಗೂ ಗೊತ್ತಿತ್ತು. ಮೇಷ್ಟರಿಗೂ ಗೊತ್ತಿತ್ತು. ನನ್ನ ತಮ್ಮನಿಗೆ ಹೇಳಿದರೆ, “ನಾವೂ ಚಿಕ್ಕವರಿದ್ದಾಗ ಕಿತ್ತಾಡ್ಲಿಲ್ವೇನಕ್ಕ, ಸರಿಹೋಗುತ್ತೆ ಬಿಡು” ಅಂದ. ಹೊಸ ಪಟ್ಟದವನಿಗೆ ಹಳೆ ಪಟ್ಟದವರ ಮನೆಯ ಮೇಲೆ ದೂರು ಹೇಳುವ ಗಟ್ಟಿತನ ಎಲ್ಲಿಂದ ಬರಬೇಕು.

ಜೂನ್ ತಿಂಗಳ ಒಂದು ಮಧ್ಯಾಹ್ನ ಅವರು ಮಸೀನಾಳಿಗೆ ಸಿಂಹಾಸನ ಕೊಟ್ಟರು. ಶಾಲೆಯ ಹಿಂದೆ ಸಿಮೆಂಟಿನ ನೀರಿನ ಟ್ಯಾಂಕಿದೆ, ಎರಡಾಳೆತ್ತರ. ಏಣಿ ಹತ್ತಿಸಿ, ಮೇಲೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿ, ಏಣಿ ತೆಗೆದರು. ಗಂಟೆ ಹೊಡೆಯಿತು, ಎಲ್ಲರೂ ತರಗತಿಗೆ ಹೋದರು. ಅವಳು ಬಿಸಿಲಿನಲ್ಲಿ ಎರಡೂವರೆ ಗಂಟೆ ಅಲ್ಲೇ ಇದ್ದಳು. ಅಷ್ಟು ಹೊತ್ತು ಒಂದು ಬೆಂಚು ಖಾಲಿಯಿದ್ದದ್ದು ಯಾವ ಮೇಷ್ಟರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಹಾರಿದಳು. ಬಲ ಮೊಣಕೈ ಮೂರು ಚೂರಾಯಿತು.

ಅಪಿಯಾದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಟ್ಟಿ ಹಾಕಿ ಮುಗಿಸಿ ನನ್ನನ್ನು ಹೊರಗೆ ಕರೆದಳು.

“ಪೂರ್ತಿ ನೆಟ್ಟಗಾಗೋದು ಕಷ್ಟ. ಇದು ಬಿದ್ದದ್ದಲ್ಲ ಅನ್ಸುತ್ತೆ. ಪೊಲೀಸಿಗೆ ಬರೀಲಾ?”

“ಬರೀರಿ,” ಅಂದೆ. ತಮ್ಮನನ್ನು ಕೇಳಲಿಲ್ಲ.

ಮಗು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ನನ್ನ ಬಟ್ಟೆಯ ಅಂಚು ಹಿಡಿದು, “ಅತ್ತೆ, ನಾನು ಇನ್ನು ಆ ಶಾಲೆಗೆ ಹೋಗಲ್ಲ. ಹೋದ್ರೆ ಸಾಯ್ತೀನಿ” ಅಂದಳು. ಒಂದು ಮಾತೂ ತಪ್ಪಿಲ್ಲದೆ, ನಮ್ಮಂಥವರ ಮಾತಿನಲ್ಲೇ ಹೇಳಿದಳು. ಅದನ್ನು ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು.

“ಬೇರೆ ಶಾಲೆ ಹುಡುಕ್ತೀನಿ,” ಎಂದು ಮಾತು ಕೊಟ್ಟೆ.

ಸೆಫೋ ಬೇಡ ಅನ್ನಲಿಲ್ಲ. ನಮ್ಮಲ್ಲಿ ಅಕ್ಕನ ಮಾತು ತಮ್ಮನಿಗೆ ಕಟ್ಟು. ಅಕ್ಕ ಶಪಿಸಿದರೆ ತಮ್ಮನ ವಂಶಕ್ಕೆ ತಟ್ಟುತ್ತದೆಂದು ನಂಬುವ ಜನ ನಾವು. ಅಪಿಯಾದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮನೆಯಿದೆ, ವಾರವಿಡೀ ಅಲ್ಲಿದ್ದು ಶನಿವಾರ ಊರಿಗೆ ಬರುವುದು ಎಂದು ಮಾತಾಯಿತು. ಸೋಮವಾರ ಮುಂಜಾನೆಯ ಬಸ್ಸು ಹಿಡಿದು, ಪಟ್ಟಿ ಕಟ್ಟಿದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಟೆ.

ಶಾಲೆಯ ಬಗ್ಗೆ ನನಗೆ ಗೊತ್ತಿರುವುದು ಒಂದೇ. ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಬೇಲಿಯ ಹತ್ತಿರ ನಿಲ್ಲಬೇಕು. ಯಾವ ಮಗು ಒಂಟಿಯಾಗಿ ಉಣ್ಣುತ್ತದೆ, ಅದು ಎಷ್ಟು ಹೊತ್ತು ಒಂಟಿಯಾಗಿರುತ್ತದೆ ಎಂದು ನೋಡಬೇಕು. ಗೋಡೆಯ ಬಣ್ಣ ನೋಡಿ ಪ್ರಯೋಜನವಿಲ್ಲ.

ಮೊದಲ ಶಾಲೆ ದೊಡ್ಡದು, ಅಂಗಳ ತುಂಬ ಹೂಗಿಡ. ಮುಖ್ಯಸ್ಥರು ನನ್ನ ಮಾತು ಮುಗಿಯುವ ಮುಂಚೆಯೇ, “ನಮ್ಮಲ್ಲಿ ಅಂಥದ್ದೆಲ್ಲ ನಡೆಯೋದೇ ಇಲ್ಲ” ಅಂದರು. ನಾನು ಎದ್ದುಬಿಟ್ಟೆ. ನಡೆಯುವುದೇ ಇಲ್ಲ ಅನ್ನುವವರು ನೋಡುವುದೇ ಇಲ್ಲ, ನಮ್ಮೂರ ಮೇಷ್ಟರನ್ನು ಕಂಡ ಮೇಲೆ ನನಗೆ ಅಷ್ಟು ಬುದ್ಧಿ ಬಂದಿತ್ತು. ಎರಡನೆಯ ಶಾಲೆಯವರು ಮಗುವಿನ ಕೈ ನೋಡಿ ಬೆಚ್ಚಿದರು. “ಗುಣವಾದ ಮೇಲೆ ಕರ್ಕೊಂಡು ಬನ್ನಿ, ಇಲ್ಲೇನಾದ್ರೂ ಆದ್ರೆ ನಮ್ ತಲೆ ಮೇಲೆ ಬರುತ್ತೆ” ಎಂದರು. ಅಲ್ಲಿ ಬೇಲಿಯ ಹತ್ತಿರ ನಿಂತು ನೋಡಿದೆ. ಒಬ್ಬ ದಪ್ಪ ಹುಡುಗ ಊಟದ ಹೊತ್ತಿಡೀ ಶೌಚಾಲಯದ ಗೋಡೆಗೆ ಮುಖ ಮಾಡಿ ಉಂಡ. ಯಾರೂ ಅವನ ಹತ್ತಿರ ಸುಳಿಯಲಿಲ್ಲ. ಮಸೀನಾ ಅವನನ್ನೇ ನೋಡುತ್ತಿದ್ದಳು, ನಾನು ಅವಳನ್ನು ಎಳೆದುಕೊಂಡು ಹೊರಟೆ.

ಹೀಗೆ ನಾಲ್ಕು ದಿನ ಅಲೆದೆವು. ಮಗು ಎಲ್ಲ ಕಡೆಯೂ ಬಾಗಿಲ ಹತ್ತಿರವೇ ನಿಲ್ಲುತ್ತಿತ್ತು. ಗುರುವಾರ ಸಮುದ್ರದ ಗೋಡೆಯ ಪಕ್ಕ, ತುಕ್ಕು ಹಿಡಿದ ತಗಡಿನ ಚಾವಣಿಯ ಒಂದು ಸಣ್ಣ ಶಾಲೆಗೆ ಹೋದೆವು. ಅದನ್ನು ನಡೆಸುವಾಕೆ ಲೋಸಾ ಮೇಡಂ, ಅರವತ್ತು ದಾಟಿದ ಹೆಂಗಸು. ಕಾಲಲ್ಲಿ ರಬ್ಬರ್ ಚಪ್ಪಲಿ, ಕೈಯಲ್ಲಿ ಹುಡುಗರಿಂದ ಕಿತ್ತುಕೊಂಡ ಕವಣೆ.

“ನಿಮ್ಮಲ್ಲಿ ಮಕ್ಕಳನ್ನ ಗೋಳು ಹೊಯ್ಕೊಳ್ಳೋದು ಇದೆಯಾ ಮೇಡಂ?” ಎಂದು ನೇರವಾಗಿ ಕೇಳಿದೆ.

“ಇದೆ. ಹೋದ ತಿಂಗಳು ಎರಡು ಸಲ ಆಯ್ತು. ಒಂದು ನನ್ನ ಕಣ್ಣಿಗೆ ಬಿತ್ತು, ಇನ್ನೊಂದನ್ನ ಒಬ್ಬ ಹುಡುಗಿ ಬಂದು ಹೇಳಿದ್ಲು. ಊಟದ ಹೊತ್ತಲ್ಲಿ ನಾನು ಒಳಗೆ ಕೂರಲ್ಲ, ಅವರ ಜೊತೆ ಅಂಗಳದಲ್ಲೇ ಉಣ್ತೀನಿ. ನನ್ನಿಂದ ಆಗೋದು ಅಷ್ಟು.”

ಆಮೇಲೆ ಅವರು ನನ್ನನ್ನು ಬಿಟ್ಟು ಮಗುವಿನ ಎದುರು ಕೂತರು.

“ನೀನು ತರಗತೀಲಿ ಎಲ್ಲಿ ಕೂತ್ಕೋತೀಯ ಮರಿ?”

ಮಸೀನಾ ಹೆದರಿದ್ದಳು. “ತಮ್ಮ ಅಪ್ಪಣೆಯಾದರೆ ನಾನು ಬಾಗಿಲ ಹತ್ತಿರ ವಿರಾಜಮಾನಳಾಗುತ್ತೇನೆ,” ಅಂದಳು.

ಕಿಟಕಿಯಲ್ಲಿ ಇಣುಕುತ್ತಿದ್ದ ಇಬ್ಬರು ಮಕ್ಕಳು ಕಿಸಕ್ಕೆಂದರು. ಲೋಸಾ ಮೇಡಂ ನಗಲೂ ಇಲ್ಲ, ಆ ಮಕ್ಕಳನ್ನು ಗದರಿಸಲೂ ಇಲ್ಲ.

“ಈ ಮಾತು ಯಾರು ಕಲಿಸಿದ್ರು?”

“ಅಜ್ಜಿ.”

“ಚೆನ್ನಾಗಿ ಕಲಿಸಿದ್ದಾರೆ. ಇಲ್ಲಿ ಅರ್ಧ ಮಕ್ಕಳಿಗೆ ಅದು ಬರೋದೇ ಇಲ್ಲ, ಪಾದ್ರಿಗಳು ಬಂದಾಗ ನನ್ನ ಮಾನ ತೆಗೀತಾರೆ. ನೀನು ಅವರಿಗೆ ಇದನ್ನ ಹೇಳ್ಕೊಡು, ಅವರು ನಿಂಗೆ ಇನ್ನರ್ಧ ಹೇಳ್ಕೊಡ್ಲಿ. ಆಯ್ತಾ?”

ಆ ದಿನ ಮಧ್ಯಾಹ್ನ ಅವಳು ಆ ಅಂಗಳದಲ್ಲಿ ಮಕ್ಕಳ ನಡುವೆ ಕೂತು, ಎಡಗೈಯಲ್ಲಿ ಕೆಸುವಿನ ಗೆಡ್ಡೆ ಹಿಡಿದು, ಪೂರ್ತಿ ಉಂಡಳು. ನಾನು ಬೇಲಿಯ ಆಚೆ ನಿಂತು ನೋಡಿದೆ. ಆರು ತಿಂಗಳಲ್ಲಿ ಮನೆಯ ಹೊರಗೆ ಅವಳು ಉಂಡದ್ದನ್ನು ನೋಡಿದ್ದು ಅದೇ ಮೊದಲು.

“ಅವಳ ತರಗತೀಲಿ ಒಂದೇ ಜಾಗ ಇದೆ,” ಎಂದರು ಲೋಸಾ ಮೇಡಂ. “ಇನ್ನೂ ಇಬ್ಬರು ಕೇಳ್ತಿದ್ದಾರೆ. ಸೋಮವಾರ ಬೆಳಿಗ್ಗೆ ಗಂಟೆ ಹೊಡೆಯೋಕೆ ಮುಂಚೆ ಬಂದ್ರೆ ಅವಳದ್ದು. ಬರ್ಲಿಲ್ಲ ಅಂದ್ರೆ ನಾನು ಬೇರೆಯವರಿಗೆ ಕೊಡ್ಲೇಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ.”

ನಾವು ಊರಿಗೆ ಮರಳಿದ ಶುಕ್ರವಾರವೇ ಪೊಲೀಸಿನವರು ಬಂದು ಹೆಡ್‌ಮಾಸ್ಟರನ್ನು ಕಂಡುಹೋದರು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ನಮ್ಮ ಮನೆಯ ಮುಂದೆ ಇಫೊಂಗ ಬಂದು ಕೂತಿತ್ತು.

ಇಫೊಂಗ ಅಂದರೆ ತಪ್ಪು ಮಾಡಿದ ಮನೆಯವರು ನೊಂದ ಮನೆಯವರ ಅಂಗಳದಲ್ಲಿ ಮಂಡಿಯೂರುವುದು. ಮನೆತನದ ಹಿರಿಯನ ತಲೆಯ ಮೇಲೆ ಮನೆಯಲ್ಲಿರುವ ಅತಿ ನಯವಾದ ಚಾಪೆ ಹೊದಿಸಿರುತ್ತಾರೆ. ಮುಂದೆ ಸೌದೆ, ಕಲ್ಲು, ಎಲೆ ಇಟ್ಟಿರುತ್ತಾರೆ. ಬೇಕಿದ್ದರೆ ನಮ್ಮನ್ನು ಸುಟ್ಟು ಬೇಯಿಸಿಕೊಳ್ಳಿ ಎಂದು ಅದರ ಅರ್ಥ. ನೊಂದವರು ಹೊರಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಆ ಗಳಿಗೆಯಿಂದ ಜಗಳವೇ ಇಲ್ಲ. ಪೊಲೀಸರೂ ಅದನ್ನು ಕೇಳಿ ಅರ್ಧ ಕಾಗದ ಮಡಚಿಡುತ್ತಾರೆ. ಎತ್ತದಿದ್ದರೆ ಕೂತೇ ಇರುತ್ತಾರೆ.

ಚಾಪೆಯ ಕೆಳಗಿದ್ದವರು ವೈಸೀನಾ. ಎಪ್ಪತ್ತೆಂಟು ವರ್ಷ. ಸಕ್ಕರೆ ಕಾಯಿಲೆಯಲ್ಲಿ ಎಡಗಾಲಿನ ಬೆರಳುಗಳು ಹೋಗಿದ್ದವು. ಅವರ ಹಿಂದೆ ಹನ್ನೆರಡು ಗಂಡಸರು ತಲೆ ತಗ್ಗಿಸಿ ಕೂತಿದ್ದರು.

ಸೆಫೋ ತೆಂಗಿನ ಗರಿಯ ತಡಿಕೆಗಳನ್ನೆಲ್ಲ ಇಳಿಸಿದ. ನಮ್ಮ ಮನೆಗೆ ಗೋಡೆಯಿಲ್ಲ, ಅದೇ ನಮ್ಮ ಮರೆ. ನನ್ನ ಹತ್ತಿರ ಬಂದು ಕೂತ.

“ನೀನು ಹೇಳಿದ ಹಾಗೆ, ಅಕ್ಕ. ಎತ್ತಬೇಡ ಅಂದ್ರೆ ಎತ್ತಲ್ಲ.”

“ಎತ್ತಿದ್ರೆ ಪೇಟೆ ಶಾಲೆ ಏನಾಗುತ್ತೆ?”

ಅವನು ತಲೆ ಕೆರೆದುಕೊಂಡ. “ಎತ್ತಿದ ಮೇಲೆ ಮಗೂನ ಊರ ಶಾಲೆಯಿಂದ ಬಿಡಿಸಿದ್ರೆ ಕ್ಷಮಿಸಿದ್ದು ಸುಳ್ಳು ಅಂತಾಗುತ್ತೆ. ವೈಸೀನಾ ಮುಖಕ್ಕೆ ಉಗಿದ ಹಂಗೆ.”

“ಹಂಗಾದ್ರೆ ಎತ್ತಬೇಡ. ಕೂತಿರ್ಲಿ.”

ಮಸೀನಾ ತಡಿಕೆಯ ಸಂದಿಯಿಂದ ನೋಡುತ್ತಿದ್ದಳು.

“ಅತ್ತೆ, ಆ ಚಾಪೆ ಕೆಳಗೆ ಎಸೆಟಾ ಇದ್ದಾಳಾ?”

“ಇಲ್ಲ ಕಣೇ, ಅವಳ ತಾತ ಇದ್ದಾರೆ.”

“ತಾತ ನಂಗೇನೂ ಮಾಡಿಲ್ಲವಲ್ಲ,” ಅಂದಳು ಮಗು.

ಚಾಪೆ ಎತ್ತಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಬಿಸಿಲು ಏರಿತು. ಎಂಟು ಗಂಟೆ, ಒಂಬತ್ತು ಗಂಟೆ. ಅಕ್ಕಪಕ್ಕದ ಮನೆಗಳ ತಡಿಕೆಗಳೆಲ್ಲ ಮೇಲಕ್ಕೆ ಸುತ್ತಿದ್ದವು, ಊರೆಲ್ಲ ಕೂತು ನೋಡುತ್ತಿತ್ತು. ಯಾರೂ ಒಲೆ ಹಚ್ಚಲಿಲ್ಲ. ಹತ್ತು ಗಂಟೆಗೆ ಚಾಪೆ ಅಲ್ಲಾಡತೊಡಗಿತು. ಒಳಗಿನ ಮುದುಕ ತೂಗುತ್ತಿದ್ದರು. ಚಾಪೆಯ ಅಂಚಿನಿಂದ ಒಂದು ಕೈ ಹೊರಬಂದು ನೆಲ ಊರಿತು.

ನಾನು ಒಂದು ಚಿಪ್ಪಿನಲ್ಲಿ ನೀರು ತೆಗೆದುಕೊಂಡು ಹೊರಗೆ ಹೋದೆ. ನೀರು ಕೊಡುವುದಕ್ಕೆ ಹೋದೆ. ದೇವರಾಣೆ, ಅಷ್ಟಕ್ಕೇ ಹೋದೆ. ಮಂಡಿಯೂರಿ, “ತಗೊಳ್ಳಿ, ನೀರು ಸ್ವೀಕರಿಸ್ಬೇಕು” ಎಂದೆ. ಮುದುಕನಿಗೆ ಕೇಳಲಿಲ್ಲವೋ, ಕೈ ಎತ್ತುವ ಶಕ್ತಿ ಇರಲಿಲ್ಲವೋ. ಬಾಯಿ ಎಲ್ಲಿದೆ ಎಂದು ಕಾಣಲಿಲ್ಲ. ನಾನು ಚಾಪೆಯ ಅಂಚನ್ನು ಎತ್ತಿದೆ.

ಒಂದು ಗೇಣು ಎತ್ತಿರಬಹುದು. ಇಡೀ ಊರು ಒಮ್ಮೆಲೇ ಉಸಿರು ಬಿಟ್ಟದ್ದು ಕೇಳಿಸಿತು. ಹಿಂದೆ ಕೂತಿದ್ದ ಗಂಡಸರು ಅಳತೊಡಗಿದರು. ವೈಸೀನಾರ ಕಡೆಯ ಮಾತುಗಾರ, ದೊಡ್ಡ ಪಟ್ಟದವರ ಪರವಾಗಿ ಭಾಷಣ ಮಾಡುವವನು, ಕೋಲು ಊರಿ ಎದ್ದು ನಿಂತು, ದೇವರಿಗೂ ನಮ್ಮ ಮನೆತನಕ್ಕೂ ನನಗೂ ಕೃತಜ್ಞತೆ ಹೇಳಲು ಶುರುಮಾಡಿದ. ನೀರಿನ ಚಿಪ್ಪು ನನ್ನ ಕೈಯಲ್ಲೇ ಇತ್ತು.

ಮರೆತು ಎತ್ತಿದೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಚಾಪೆ ಎತ್ತಿದರೆ ಏನಾಗುತ್ತದೆಂದು ಚಾಪೆ ನೇಯುವವಳು ಮರೆಯುತ್ತಾಳೆಯೇ? ನೀರು ಕೊಡುವ ದಯೆಯೂ ಇತ್ತು, ಊರಿನ ಕಣ್ಣು ನಮ್ಮ ಮೇಲಿಂದ ತೊಲಗಿದರೆ ಸಾಕೆಂಬ ಹೇಡಿತನವೂ ಇತ್ತು. ಯಾವುದು ಎಷ್ಟು ಎಂದು ಇವತ್ತಿಗೂ ನನಗೆ ಬಿಡಿಸಲಾಗಿಲ್ಲ.

ಆಮೇಲೆ ಎಲ್ಲ ನಡೆಯಬೇಕಾದಂತೆ ನಡೆಯಿತು. ಹಂದಿ ಸುಟ್ಟರು, ಡಬ್ಬಿ ಮೀನು ಹಂಚಿದರು, ಚಾಪೆಯನ್ನು ನಮಗೇ ಒಪ್ಪಿಸಿದರು. ಮಾತುಗಾರ ಹೇಳಿದ, “ಇವತ್ತಿಂದ ಈ ಎರಡು ಹೆಣ್ಣುಮಕ್ಕಳು ಅಕ್ಕತಂಗಿಯರು. ಎಸೆಟಾ ದಿನಾ ಬೆಳಿಗ್ಗೆ ತಾನೇ ಬಂದು ತಂಗೀನ ಶಾಲೆಗೆ ಕರ್ಕೊಂಡು ಹೋಗ್ತಾಳೆ, ಕರ್ಕೊಂಡು ಬರ್ತಾಳೆ.” ಸೆಫೋ ಎದ್ದು, ಒಪ್ಪಿದೆವು ಎಂದ. ಕೊನೆಯ ಕಂಬದವನಿಗೆ ಅಷ್ಟು ದೊಡ್ಡವರು ತಲೆ ಬಾಗಿದ್ದರು, ಅವನ ದನಿ ಹೆಮ್ಮೆಯಿಂದ ಒಡೆದಿತ್ತು. ಎಸೆಟಾಳನ್ನು ಕರೆದು ಮಸೀನಾಳ ಪಕ್ಕ ಕೂರಿಸಿದರು. ಎಸೆಟಾ ತಲೆ ಎತ್ತಲಿಲ್ಲ. ಮಸೀನಾ ತಟ್ಟೆಯಲ್ಲಿ ಹಾಕಿದ್ದನ್ನೆಲ್ಲ ಒಂದೊಂದೇ ತುತ್ತಾಗಿ ತಿಂದಳು, ಆಮೇಲೆ ಮನೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ನನ್ನ ಹೆಸರು ಹಿಡಿದು ಹೊಗಳಿದರು. ಮಗು ನನ್ನ ಪಕ್ಕ ಕೂರಲಿಲ್ಲ.

ಆ ಸಂಜೆ ಪ್ರಾರ್ಥನೆ ಮುಗಿದ ಮೇಲೆ ನಾನು ಸೆಫೋನನ್ನು ಹಿಡಿದುಕೊಂಡೆ.

“ನಾಳೆ ಬೆಳಿಗ್ಗೆ ಹೋಗ್ಬೇಕು. ಒಂದೇ ಜಾಗ ಇರೋದು.”

“ಅಕ್ಕ, ಎತ್ತಿದ್ದು ನೀನು.”

“ಹೌದು, ಎತ್ತಿದ್ದು ನಾನು. ತಪ್ಪು ನಂದು. ಮಗು ಯಾಕೆ ತೀರಿಸ್ಬೇಕು?”

“ಮಾತು ಕೊಟ್ಟಿದ್ದು ನಾನಲ್ವಾ? ಪಟ್ಟ ಕಿತ್ಕೋತಾರೆ. ಮನೆ ಸಮೇತ ಊರಿಂದ ಆಚೆಗೆ ಹಾಕಿದ್ರೂ ಹಾಕಿದ್ರೇ. ಅಪ್ಪನ ಸಮಾಧಿ ಇಲ್ಲೇ ಅಂಗಳದಲ್ಲಿದೆ, ಅದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಅವಳು ನೋಡ್ಕೋತಾಳಂತಲ್ಲ ಈಗ, ಎಸೆಟಾ.”

“ನೋಡ್ಕೋತಾಳೆ. ಒಂದು ವಾರ ನೋಡ್ಕೋತಾಳೆ. ಆಮೇಲೆ ಮಗು ಬಾಯಿಬಿಟ್ರೆ ಏನಂತೀರಿ? ಕ್ಷಮಿಸಿ ಆಗಿದೆ, ಮತ್ಯಾಕೆ ಹಳೇದು ಅಂತೀರಿ. ಇನ್ನು ಅವಳು ದೂರೋಕೂ ಇಲ್ಲ.”

ಅವನು ಎದ್ದು ಅಪ್ಪನ ಸಮಾಧಿಯ ಕಡೆಗೆ ತಿರುಗಿ ನಿಂತ. ನಾನು ಅವನನ್ನು ಶಪಿಸುತ್ತೇನೆಂದು ಹೆದರಿಸಲಿಲ್ಲ. ಹೆದರಿಸಬಹುದಿತ್ತು, ನಾಲಿಗೆಯ ತುದಿಗೇ ಬಂದಿತ್ತು. ಮಸೀನಾ ಸೊಳ್ಳೆಪರದೆಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

ಸೋಮವಾರ ನಾಲ್ಕೂವರೆಗೆ ಎದ್ದು ಮಗುವನ್ನು ಎಬ್ಬಿಸಿದೆ. ಎಬ್ಬಿಸಬೇಕಾಗಿರಲಿಲ್ಲ, ಅವಳು ಬಟ್ಟೆ ಹಾಕಿಕೊಂಡೇ ಕೂತಿದ್ದಳು. ಯಾವ ಶಾಲೆಗೆ ಎಂದು ಕೇಳಲಿಲ್ಲ. ಸೆಫೋ ಮುಖದ ತುಂಬ ಮುಸುಕೆಳೆದು ಮಲಗಿದ್ದ, ಆದರೆ ನಿದ್ದೆ ಬಂದವನ ಕಾಲು ಹಾಗೆ ಅಲ್ಲಾಡುವುದಿಲ್ಲ. ನಾನು ಗಂಟು ಕಟ್ಟಿದೆ, ಡಬ್ಬಿಯಲ್ಲಿ ದೀವಿಹಲಸು ಹಾಕಿದೆ, ಪಾತ್ರೆ ಬೇಕೆಂದೇ ಸದ್ದು ಮಾಡಿದೆ. ಅವನು ಎದ್ದು ತಡೆಯಲಿಲ್ಲ. ಎದ್ದು ಮಗಳ ತಲೆ ಮುಟ್ಟಿ ಕಳಿಸಲೂ ಇಲ್ಲ.

ಬಸ್ಸು ಹೊರಡುವುದು ವೈಸೀನಾರ ಮನೆಯ ಮುಂದಿನಿಂದ. ಬೇರೆಲ್ಲೋ ಕೈ ತೋರಿಸಿ ಅವಸರದಲ್ಲಿ ಹತ್ತಲು ಮುರಿದ ಕೈಯ ಮಗುವಿಗೆ ಆಗದು, ತಲೆತಪ್ಪಿಸಿಕೊಂಡು ಓಡುವವರ ಹಾಗೆ ಹೋಗಲು ನನಗೂ ಇಷ್ಟವಿರಲಿಲ್ಲ. ಅಂಗಳದಲ್ಲಿ ಎಸೆಟಾ ಉದುರಿದ ಎಲೆ ಗುಡಿಸುತ್ತಿದ್ದಳು. ನಮ್ಮನ್ನು ಕಂಡು, ಗಂಟನ್ನು ಕಂಡು, ಪೊರಕೆ ಹಿಡಿದುಕೊಂಡೇ ರಸ್ತೆಗೆ ಬಂದಳು.

“ಎಲ್ಲಿಗೆ?” ಎಂದು ಪಿಸುಗುಟ್ಟಿದಳು.

“ಪೇಟೆಗೆ.”

“ಇವತ್ತು ನಾನು ಇವಳನ್ನ ಶಾಲೆಗೆ ಕರ್ಕೊಂಡು ಹೋಗ್ಬೇಕಲ್ಲ. ಏಳು ಗಂಟೆಗೆ ಬರ್ತಿದ್ದೆ.”

“ಬೇಕಾಗಿಲ್ಲ.”

ಬಸ್ಸಿನ ದೀಪ ಹತ್ತಿತು. ಆ ಬೆಳಕಿನಲ್ಲಿ ಅವಳ ಕಾಲು ಕಂಡಿತು. ಮೊಣಕಾಲಿನ ಹಿಂದಿನಿಂದ ಹಿಮ್ಮಡಿಯವರೆಗೆ ಬಾಸುಂಡೆ. ಕೆಲವು ಒಡೆದು ನೀರು ಒಸರುತ್ತಿತ್ತು. ಶನಿವಾರ ಊಟದ ಹೊತ್ತಿಗೆ ಅವಳು ಯಾಕೆ ತಲೆ ಎತ್ತಲಿಲ್ಲವೆಂದು ಆಗ ತಿಳಿಯಿತು.

“ರೂತಮ್ಮ, ಕರ್ಕೊಂಡು ಹೋಗ್ಬೇಡಿ,” ಅಂದಳು. “ಇವಳು ಒಂದು ದಿನ ಶಾಲೆಗೆ ಬರ್ಲಿಲ್ಲ ಅಂದ್ರೂ ನಿನ್ನ ಚರ್ಮ ಸುಲೀತೀನಿ ಅಂದಿದ್ದಾರೆ ತಾತ. ನಾನು ಇನ್ನು ಏನೂ ಮಾಡಲ್ಲ. ಯೇಸು ಆಣೆ ಏನೂ ಮಾಡಲ್ಲ. ಮಸೀನಾ, ಹೇಳೇ ನೀನು.”

ಅವಳನ್ನು ಮನಸಾರೆ ದ್ವೇಷಿಸುತ್ತಲೇ ಬಂದಿದ್ದೆ. ಆ ಗಳಿಗೆಯಲ್ಲಿ ದ್ವೇಷ ಕೈಗೆ ಸಿಗಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಅವಳೂ ಮಗುವೇ. ಅವಳ ಮೇಲೆ ಬೀಳುವ ಏಟಿಗೆ ಇನ್ನು ನಾನೂ ಪಾಲುದಾರಳೇ. ಮಸೀನಾಳನ್ನು ಎತ್ತಿ ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲಿಸಿದೆ, ನಾನೂ ಹತ್ತಿದೆ. ಒಳಗಿದ್ದ ನಾಲ್ಕೈದು ಜನ ನಮ್ಮೂರಿನವರೇ. ಯಾರೂ ಮಾತಾಡಿಸಲಿಲ್ಲ, ಮುಂದಿನ ಸೀಟಿನ ಹೆಂಗಸು ತನ್ನ ಬುಟ್ಟಿಯನ್ನು ನನ್ನ ಹತ್ತಿರದಿಂದ ಸರಿಸಿಕೊಂಡಳು.

ಬಸ್ಸು ಹೊರಟಿತು. ಎಸೆಟಾ ಸ್ವಲ್ಪ ದೂರ ಪಕ್ಕದಲ್ಲೇ ಓಡಿ ಬಂದಳು, ಕಾಲು ನೋಯುತ್ತಿದ್ದುದರಿಂದ ಕುಂಟಿ ಕುಂಟಿ ನಿಂತಳು. ಆ ಮನೆಯೊಳಗೆ ದೀಪ ಹೊತ್ತಿಕೊಂಡಿತು.

“ಅತ್ತೆ, ಅವಳಿಗೆ ಹೊಡೀತಾರಾ?”

“ಹೊಡೀತಾರೆ.”

“ತುಂಬಾ?”

ಸುಳ್ಳು ಹೇಳಬಹುದಿತ್ತು. ಅವಳ ಹತ್ತಿರ ಇನ್ನು ಸುಳ್ಳು ಹೇಳುವ ಮುಖ ನನಗಿರಲಿಲ್ಲ.

“ತುಂಬಾ,” ಅಂದೆ.

ನಮ್ಮ ಬಸ್ಸುಗಳಲ್ಲಿ ನಿಲ್ಲಿಸು ಎಂದು ಕೂಗುವುದಿಲ್ಲ, ಚಾವಣಿಯ ಹಲಗೆಯನ್ನು ಎರಡು ಸಲ ತಟ್ಟಿದರೆ ಸಾಕು. ಚಾವಣಿ ತಗ್ಗು, ಕೂತಲ್ಲಿಂದಲೇ ಕೈಗೆಟಕುತ್ತದೆ. ಮಸೀನಾ ತಟ್ಟಲಿಲ್ಲ. ಕಿಟಕಿಯಾಚೆ ನೋಡಲೂ ಇಲ್ಲ. ಊರ ಚರ್ಚು ದಾಟಿತು, ಶಾಲೆ ದಾಟಿತು, ತೊರೆಯ ಸೇತುವೆ ಬಂತು. ಅಲ್ಲಿಯವರೆಗೂ ಅವಳು ಕಣ್ಣು ಮಿಟುಕಿಸದೆ ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತೆ.